ಮಗನಿಗೆ ಟಿಸಿ ಕೊಡುತ್ತೇವೆ ಅಂತಿದ್ದಾರೆ, ಏನು ಮಾಡಲಿ?

ಶಿಡ್ಲಘಟ್ಟದ ಅಮ್ಮ

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಮಗ ಎಂಟನೇ ಕ್ಲಾಸು. ಹೋದ ವರ್ಷದವರೆಗೆ ಅವನ ಮೇಲೆ ಒಂದೇ ಒಂದು ದೂರು ಬಂದಿರಲಿಲ್ಲ. ದಸರಾ ರಜೆ ಮುಗಿದ ಮೇಲೆ ಹುಡುಗ ಬೇರೆಯೇ ಆಗಿಬಿಟ್ಟಿದ್ದಾನೆ. ಹೋಂವರ್ಕ್ ಮಾಡಲ್ಲ. ಕ್ಲಾಸಿನಲ್ಲಿ ತಲೆ ಇಟ್ಟು ಮಲಗುತ್ತಾನಂತೆ. ಎಬ್ಬಿಸಿದರೆ ಮೇಷ್ಟ್ರಿಗೇ ಎದುರು ಮಾತು. ಹೋದ ವಾರ ಜೊತೆಯ ಹುಡುಗನ ಮೂಗಿಗೆ ಗುದ್ದಿ ರಕ್ತ ಬರಿಸಿದ್ದಾನೆ. ಆ ಮಗುವಿನ ಅಮ್ಮನ ಮುಂದೆ ಕೈ ಮುಗಿದು ನಿಂತಿದ್ದೆ. ಹೆಡ್‌ಮಾಸ್ಟರು ಹೇಳಿದ್ದು ಒಂದೇ ಮಾತು. ಇನ್ನೊಂದು ಸಲ ಹೀಗಾದರೆ ಟಿಸಿ ಬರೆದು ಕೈಗೆ ಕೊಡುತ್ತೇವೆ, ಬೇರೆ ಸ್ಕೂಲು ನೋಡಿಕೊಳ್ಳಿ ಅಂತ. ಖಾಸಗಿ ಶಾಲೆ. ಹೆಸರು ಬೇಡ.

ಮನೆಯಲ್ಲೂ ಸರಿಯಾಗಿ ಊಟ ಮಾಡಲ್ಲ. ಮುದ್ದೆ, ಬಸ್ಸಾರು ಅಂದರೆ ಪ್ರಾಣ ಬಿಡುತ್ತಿದ್ದವನು, ಈಗ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಏಳುತ್ತಾನೆ. ರಾತ್ರಿ ಎಷ್ಟೊತ್ತಿಗೆ ಎದ್ದು ನೋಡಿದರೂ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಾನೆ. ಅವರಪ್ಪ ಬೆಂಗಳೂರಿಗೆ ಬೆಳಿಗ್ಗೆ 5 ಗಂಟೆ ಬಸ್ಸಿಗೆ ಹೋದರೆ ಬರುವುದು ರಾತ್ರಿ 9ಕ್ಕೆ. ನಾನು ರೇಷ್ಮೆ ಹುಳು ಮನೆ, ತೋಟ ಅಂತ ಓಡಾಡುತ್ತಿರುತ್ತೇನೆ. ಒಬ್ಬರು ದೃಷ್ಟಿ ಅಂತಾರೆ. ಇನ್ನೊಬ್ಬರು ಹಾಸ್ಟೆಲಿಗೆ ಹಾಕು ಅಂತಾರೆ. ನಾನು ಹೊಡೆದೂ ನೋಡಿದೆ. ಹೊಡೆದ ಮೇಲೆ ನಾನೇ ಕೂತು ಅತ್ತೆ. ಗೊತ್ತಿರುವವರು ದಾರಿ ಹೇಳಿ.

ಚಿಂತಾಮಣಿ 2

ಮೊಬೈಲ್ ಕಿತ್ತುಕೊಳ್ಳಿ ಅಕ್ಕ. ಎರಡು ದಿನದಲ್ಲಿ ಸರಿ ಹೋಗುತ್ತಾನೆ.

ಶಿಡ್ಲಘಟ್ಟದ ಅಮ್ಮ

ಅವನ ಹತ್ತಿರ ಮೊಬೈಲೇ ಇಲ್ಲ ಅಣ್ಣ. ಇರುವುದು ನನ್ನದೊಂದೇ. ಅದನ್ನು ಕೇಳುವುದೂ ಬಿಟ್ಟಿದ್ದಾನೆ.

ನಿವೃತ್ತ ಮೇಷ್ಟ್ರು, ಗೌರಿಬಿದನೂರು

ತಾಯೀ, ನಾನು 34 ವರ್ಷ ಪಾಠ ಮಾಡಿದವನು. ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಶಾಲೆಯವರನ್ನೂ ಸ್ವಲ್ಪ ನೋಡಿ. ಒಂದು ಕ್ಲಾಸಿನಲ್ಲಿ 50, 60 ಮಕ್ಕಳು. ಒಬ್ಬ ಎದ್ದು ಎದುರು ಮಾತಾಡಿದರೆ ಉಳಿದವರೆಲ್ಲ ಅದನ್ನೇ ಕಲಿಯುತ್ತಾರೆ. ನಮ್ಮ ಕಾಲದಲ್ಲಿ ಬೆತ್ತ ಇತ್ತು, ಭಯ ಇತ್ತು. ನನ್ನ ಕೈಯಲ್ಲಿ ಏಟು ತಿಂದವರು ಈಗಲೂ ದಾರಿಯಲ್ಲಿ ಸಿಕ್ಕರೆ ಕಾಲಿಗೆ ಬೀಳುತ್ತಾರೆ. ಈಗ ಮೇಷ್ಟ್ರು ಕಣ್ಣು ಕೆಂಪು ಮಾಡಿದರೂ ಕೇಸು. ಹಾಗಾಗಿ ಅವರಿಗೆ ಉಳಿದಿರುವುದು ಟಿಸಿ ಒಂದೇ.

ಬಾಗೇಪಲ್ಲಿ ಟೀಚರ್

ಮೇಷ್ಟ್ರೇ, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಕಾಲಿಗೆ ಬೀಳಲು ಬಂದವರನ್ನು ಮಾತ್ರ ನೀವು ನೋಡಿದ್ದೀರಿ. ಏಟಿಗೆ ಹೆದರಿ ಶಾಲೆ ಬಿಟ್ಟು ಕುರಿ ಹಿಂದೆ ಹೋದವರು ನಿಮ್ಮ ಎದುರು ಬರುವುದೇ ಇಲ್ಲ.

ಅಕ್ಕ, ನಿಮಗೆ ಮೊದಲು ಒಂದು ಧೈರ್ಯದ ಮಾತು. ಶಿಕ್ಷಣ ಹಕ್ಕು ಕಾಯ್ದೆ 2009ರ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ. 17ನೇ ಸೆಕ್ಷನ್ನು ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಖಾಸಗಿ ಶಾಲೆಗೂ ಇದು ಅನ್ವಯಿಸುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಮಾತ್ರ ಕಾಯ್ದೆ ಅನ್ವಯ ಆಗಲ್ಲ. ಇದನ್ನು ಹಿಡಿದುಕೊಂಡು ಜಗಳಕ್ಕೆ ಹೋಗಿ ಅಂತ ಹೇಳುತ್ತಿಲ್ಲ. ಭಯ ಬಿಟ್ಟು ಮಾತಾಡಲು ಹೋಗಿ ಅಂತ ಹೇಳುತ್ತಿದ್ದೇನೆ.

ದಸರಾ ರಜೆ ಮುಗಿದ ಮೇಲೆ ಅಂತ ಬರೆದಿದ್ದೀರಿ. ನನ್ನ ಕಣ್ಣು ಆ ಸಾಲಿನ ಮೇಲೆಯೇ ನಿಂತಿತು. ರಜೆಯಲ್ಲಿ ಮನೆಯಲ್ಲಿ ಏನಾಯಿತು? ನೆನಪು ಮಾಡಿಕೊಳ್ಳಿ. ಎಂಟು ವರ್ಷ ಸುಮ್ಮನಿದ್ದ ಮಗು ಎಂಟು ವಾರದಲ್ಲಿ ಕೆಟ್ಟು ಹೋಗಲ್ಲ.

ನಾನೂ ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗ ಏನು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ನೆಲ ನೋಡಿಕೊಂಡು ನಿಂತಿರುತ್ತಿದ್ದ. ಸೊಕ್ಕು ಅಂದುಕೊಂಡು ಒಂದು ತಿಂಗಳು ಹಿಂದಿನ ಬೆಂಚಿಗೆ ಕಳಿಸಿದ್ದೆ. ಒಂದು ದಿನ ಬಿಸಿಯೂಟ ಬಡಿಸುವಾಗ ಅವನು ಅಡುಗೆ ಅಮ್ಮನ ಜೊತೆ ತೆಲುಗಿನಲ್ಲಿ ಪಟಪಟ ಮಾತಾಡುತ್ತಿದ್ದ. ನಾನು ನೋಡುತ್ತಾ ನಿಂತುಬಿಟ್ಟೆ. ಮನೆಯಲ್ಲಿ ತೆಲುಗು, ಪಾಠ ಕನ್ನಡ. ತಪ್ಪು ಮಾತಾಡಿದರೆ ಬೇರೆ ಮಕ್ಕಳು ನಗುತ್ತಾರೆ ಅಂತ ಬಾಯಿ ಮುಚ್ಚಿಕೊಂಡಿದ್ದ. ಮರುದಿನ ಪಾಠದ ಕಥೆಯನ್ನು ತೆಲುಗಿನಲ್ಲೇ ಹೇಳು ಅಂದೆ. ನಾನು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ ಹೇಳಿದ. ಅವತ್ತಿನಿಂದ ನನಗೆ ಯಾವ ಮಗುವಿನ ಮೇಲೂ ಸೊಕ್ಕು ಅನ್ನುವ ಮಾತು ಸುಲಭಕ್ಕೆ ಬರಲ್ಲ.

ಮುಳಬಾಗಿಲು ಅಪ್ಪ

ಟೀಚರ್, ಒಂದು ತಿದ್ದುಪಡಿ. 2019ರಲ್ಲಿ ಆ ಕಾನೂನು ಬದಲಾಯಿತಲ್ಲ? ಈಗ ಎಂಟನೇ ಕ್ಲಾಸಿನಲ್ಲೂ ಫೇಲ್ ಮಾಡಬಹುದು.

ಬಾಗೇಪಲ್ಲಿ ಟೀಚರ್

ಫೇಲ್ ಮಾಡುವ ವಿಷಯ ಬದಲಾಯಿತು ಸರ್. 5 ಮತ್ತು 8ನೇ ಕ್ಲಾಸಿನಲ್ಲಿ ಪರೀಕ್ಷೆ ಇಟ್ಟು, ಫೇಲಾದರೆ ಮತ್ತೊಂದು ಅವಕಾಶ ಕೊಟ್ಟು, ಆಮೇಲೂ ಆಗದಿದ್ದರೆ ಉಳಿಸಿಕೊಳ್ಳಲು ರಾಜ್ಯಗಳಿಗೆ ಅಧಿಕಾರ ಕೊಟ್ಟರು. ಶಾಲೆಯಿಂದ ಹೊರಗೆ ಹಾಕಬಾರದು ಅನ್ನುವ ಸಾಲು ಹಾಗೇ ಇದೆ.

ಮುಳಬಾಗಿಲು ಅಪ್ಪ

ಸರಿ ಸರಿ. ಎರಡೂ ಒಂದೇ ಅಂದುಕೊಂಡಿದ್ದೆ.

ಕೋಲಾರ ಸಿಸ್ಟರ್

ನಾನು ನರ್ಸ್. ಮಾನಸಿಕ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ದೂರದಲ್ಲಿ ಕೂತು ನಿಮ್ಮ ಮಗನಿಗೆ ಇಂಥದ್ದೇ ತೊಂದರೆ ಅಂತ ಹೇಳುವುದು ತಪ್ಪಾಗುತ್ತದೆ, ಹೇಳಲ್ಲ. ಆದರೆ ನೀವು ಬರೆದ ನಾಲ್ಕು ವಿಷಯ ಒಟ್ಟಿಗೆ ಇದ್ದರೆ ನಾವು ಗಮನ ಕೊಡುತ್ತೇವೆ. ನಿದ್ದೆ ಇಲ್ಲ, ಊಟ ಕಡಿಮೆ, ಇಷ್ಟದ ವಸ್ತು ಬೇಡ, ಸಿಟ್ಟು ಜಾಸ್ತಿ. ದೊಡ್ಡವರಿಗೆ ಮನಸ್ಸು ಕುಗ್ಗಿದರೆ ಮಂಕಾಗಿ ಕೂರುತ್ತಾರೆ. ಈ ವಯಸ್ಸಿನ ಮಕ್ಕಳಲ್ಲಿ ಅದು ಎಷ್ಟೋ ಸಲ ಸಿಡುಕಾಗಿ, ಜಗಳವಾಗಿ ಹೊರಗೆ ಬರುತ್ತದೆ. ನೋಡುವವರಿಗೆ ಪುಂಡತನದ ಹಾಗೆ ಕಾಣುತ್ತದೆ. ಎರಡು ವಾರಕ್ಕಿಂತ ಜಾಸ್ತಿ ದಿನ ಹೀಗೇ ಇದ್ದರೆ ತೋರಿಸಲೇಬೇಕು.

ಇದು ನಿಮ್ಮ ಮನೆಯೊಂದರ ಕಥೆಯಲ್ಲ ಅಕ್ಕ. ನಿಮ್ಹಾನ್ಸ್‌ನವರು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಮಾನಸಿಕ ಆರೋಗ್ಯದ ಸಮೀಕ್ಷೆ ಮಾಡಿದರು. ಅದಕ್ಕೂ ಮುಂಚೆ ಪ್ರಾಯೋಗಿಕವಾಗಿ ಮಾಡಿ ನೋಡಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. 13ರಿಂದ 17 ವರ್ಷದ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಏನಾದರೊಂದು ಮಾನಸಿಕ ತೊಂದರೆ ಕಂಡುಬಂತು. 60 ಮಕ್ಕಳ ಕ್ಲಾಸು ಅಂದರೆ ಸರಾಸರಿ ನಾಲ್ಕು ಮಕ್ಕಳು.

ಈಗಲೇ ಮಾಡಬಹುದಾದ್ದು ಹೇಳುತ್ತೇನೆ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ. 2022ರಿಂದ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಗನೇ ಮಾತಾಡಬೇಕು ಅಂತಿಲ್ಲ. ಮೊದಲು ನೀವೇ ಕೇಳಿಕೊಳ್ಳಿ. ಆಮೇಲೆ ತಾಲ್ಲೂಕು ಆಸ್ಪತ್ರೆ. ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರ ಮಾನಸಿಕ ತಜ್ಞರು ಬಂದು ನೋಡುತ್ತಾರೆ. ಆ ವಾರ ಬರುತ್ತಾರಾ ಅಂತ ಮುಂಚೆಯೇ ಕೇಳಿಕೊಂಡು ಹೋಗಿ, ಸುಮ್ನೆ ಒಂದು ದಿನ ಹಾಳಾಗಬಾರದು. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಅಂತಲೂ ಇರುತ್ತದೆ, ಅದನ್ನೂ ವಿಚಾರಿಸಿ.

ಇನ್ನೊಂದು ಮಾತು, ಇದು ಮುಖ್ಯ. ಸಾಯಬೇಕು ಅನ್ನಿಸುತ್ತಾ ಅಂತ ಅವನನ್ನು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅಂತ ಎಷ್ಟೋ ತಾಯಂದಿರು ಹೆದರುತ್ತಾರೆ. ಹಾಗೆ ಆಗಲ್ಲ. ಕೇಳಿದರೆ ಮಗುವಿಗೆ ಹೇಳಿಕೊಳ್ಳಲು ಬಾಗಿಲು ತೆಗೆದ ಹಾಗೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ತೋಟದ ಔಷಧಿಗಳನ್ನು ಬೀಗ ಹಾಕಿಡಿ, ಮಂಗಳವಾರಕ್ಕೆ ಕಾಯದೆ ಅವತ್ತೇ ಕರೆದುಕೊಂಡು ಹೋಗಿ.

ಚಿಂತಾಮಣಿ 2

ಸಿಸ್ಟರ್, ನಾನು ಮೊಬೈಲ್ ಅಂತ ಒಂದೇ ಸಾಲು ಬರೆದುಬಿಟ್ಟೆ. ತಪ್ಪಾಯಿತು. 14416 ನಮ್ಮ ಓಣಿಯ ಗುಂಪಿಗೂ ಕಳಿಸಿದ್ದೇನೆ.

ಮಾಲೂರು ಅಜ್ಜಿ

ದೇವಸ್ಥಾನದಲ್ಲಿ ಒಂದು ತಾಯಿತ ಕಟ್ಟಿಸಮ್ಮ. ತಪ್ಪೇನಿಲ್ಲ.

ಕೋಲಾರ ಸಿಸ್ಟರ್

ಕಟ್ಟಿಸಲಿ ಅಜ್ಜಿ. ಆಸ್ಪತ್ರೆಗೂ ಹೋಗಲಿ. ಎರಡೂ ಆಗಲಿ.

ಚಾಂಪಿಯನ್ ರೀಫ್ ಹುಡುಗ

ಇದನ್ನು ಓದುತ್ತಾ ನನ್ನ ಕಥೆಯೇ ಓದಿದ ಹಾಗಾಯಿತು. ನಾನು ಕೆಜಿಎಫ್‌ನವನು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಆಗ ನಾನು ಏಳನೇ ಕ್ಲಾಸು. ತಾತನ ಕಾಲದಿಂದ ಗಣಿ ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದ ಮನೆ. ಅಪ್ಪ ಬೆಳಿಗ್ಗೆ ಎದ್ದು ಅದೇ ಹೊತ್ತಿಗೆ ಸ್ನಾನ ಮಾಡಿ, ಅದೇ ಅಂಗಿ ಹಾಕಿಕೊಂಡು, ಬಾಗಿಲಲ್ಲಿ ಕೂರುತ್ತಿದ್ದರು. ಹೋಗಲು ಜಾಗ ಇರಲಿಲ್ಲ. ಮನೆಯಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ.

ನಾನು ಶಾಲೆಯಲ್ಲಿ ಕಿಟಕಿ ಗಾಜು ಒಡೆದೆ. ಒಂದಲ್ಲ, ಮೂರು. ಯಾಕೆ ಅಂತ ಕೇಳಿದರೆ ನನಗೇ ಗೊತ್ತಿರಲಿಲ್ಲ. ಎಲ್ಲರೂ ಬೈದರು. ಪಿಟಿ ಮೇಷ್ಟ್ರು ಮಾತ್ರ ಬೈಯಲಿಲ್ಲ. ಗಾಜಿನ ಚೂರು ಆಯಲು ನನ್ನ ಜೊತೆ ಅವರೂ ಬಗ್ಗಿದರು. ಆಯುತ್ತಾ ಆಯುತ್ತಾ, ಅಪ್ಪ ಊಟ ಮಾಡುತ್ತಾರಾ ಅಂತ ಕೇಳಿದರು. ಅಷ್ಟೇ. ನಾನು ಅಲ್ಲೇ ಕುಸಿದು ಅತ್ತುಬಿಟ್ಟೆ. ಮರುದಿನದಿಂದ ಶಾಲೆಯ ಗಂಟೆ ಹೊಡೆಯುವ ಕೆಲಸ ನನಗೆ ಕೊಟ್ಟರು. ದಿನಾ ಎಂಟು ಸಲ ಗಂಟೆ ಹೊಡೆಯಬೇಕು ಅಂದರೆ ದಿನಾ ಶಾಲೆಗೆ ಬರಲೇಬೇಕಲ್ಲ? ಒಂದು ದಿನವೂ ತಪ್ಪಿಸಲಿಲ್ಲ.

ಒಡೆದ ಗಾಜಿನ ದುಡ್ಡು ಬಿಟ್ಟರು ಅಂತ ಅಂದುಕೊಳ್ಳಬೇಡಿ. ಅಮ್ಮ ಕಂತಿನಲ್ಲಿ ಕಟ್ಟಿದರು. ಈಗ ನಾನು ಮಾರಿಕುಪ್ಪಂ ಗಾಡಿಯಲ್ಲಿ ಬೆಂಗಳೂರಿಗೆ ಹೋಗಿ ಬರುವ ನೌಕರ. ಅಕ್ಕ, ಮನೆಯಲ್ಲಿ ದುಡ್ಡಿನ ತೊಂದರೆ ಏನಾದರೂ ಇದೆಯಾ? ಕೇಳಬಾರದು, ಆದರೂ ಕೇಳುತ್ತಿದ್ದೇನೆ.

ಬಂಗಾರಪೇಟೆ ಪ್ಯಾಸೆಂಜರ್

ಅಣ್ಣ, ನಾನೂ ಅದೇ ಗಾಡಿ! ಬೆಳಿಗ್ಗೆ ಕಾಲಿಡಲು ಜಾಗ ಇರಲ್ಲ. ಎಂಟು ವರ್ಷದ ಮಗಳು ನಾನು ಹೊರಡುವಾಗ ಮಲಗಿರುತ್ತಾಳೆ, ಬಂದಾಗಲೂ ಮಲಗಿರುತ್ತಾಳೆ. ಭಾನುವಾರ ಮಾತ್ರ ಅಪ್ಪ.

ವಿಜಯಪುರ ರೀಲರ್

ಯಾರಾದರೂ ಇವತ್ತು ಶಿಡ್ಲಘಟ್ಟ ಮಾರುಕಟ್ಟೆಗೆ ಹೋಗಿದ್ದಿರಾ? ಗೂಡಿನ ರೇಟು ಹೇಗಿತ್ತು?

ಗುಂಪು ನೋಡಿಕೊಳ್ಳುವವರು

ಗೂಡಿನ ರೇಟಿಗೆ ಬೇರೆ ಚರ್ಚೆ ಇದೆ, ದಯವಿಟ್ಟು ಅಲ್ಲಿ ಕೇಳಿ. ಇಲ್ಲಿ ಅಕ್ಕನ ಪ್ರಶ್ನೆ ನಡೆಯಲಿ.

ನಿವೃತ್ತ ಮೇಷ್ಟ್ರು, ಗೌರಿಬಿದನೂರು

ಕೆಜಿಎಫ್‌ನವರ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಸರಿ, ಬೆತ್ತದ ಮಾತು ವಾಪಸು ತೆಗೆದುಕೊಂಡೆ. ಆದರೆ ಎರಡು ಪ್ರಶ್ನೆ ಬಿಡಲ್ಲ. ಮೂಗಿನಲ್ಲಿ ರಕ್ತ ಬಂದ ಹುಡುಗನ ಬಗ್ಗೆ ಇಲ್ಲಿ ಯಾರೂ ಮಾತಾಡುತ್ತಿಲ್ಲ. ಅವನೂ ಮಗುವೇ ಅಲ್ವಾ? ಎರಡನೆಯದು, ಆ ಪಿಟಿ ಮೇಷ್ಟ್ರ ಹಾಗೆ ಬಗ್ಗಿ ಕೇಳಲು ಇವತ್ತಿನ ಮೇಷ್ಟ್ರಿಗೆ ಹೊತ್ತೆಲ್ಲಿದೆ? ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಹಾಜರಾತಿ. ಎಲ್ಲವನ್ನೂ ಮೇಷ್ಟ್ರ ತಲೆಗೇ ಕಟ್ಟಿದರೆ ಅವರ ಮನಸ್ಸನ್ನು ಯಾರು ಕೇಳಬೇಕು?

ಚಿಕ್ಕಬಳ್ಳಾಪುರ ಇಬ್ಬರ ತಾಯಿ

ಮೇಷ್ಟ್ರ ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. ನನ್ನ ಮಗಳು ಏಟು ತಿಂದವಳು. ಆರನೇ ಕ್ಲಾಸಿನಲ್ಲಿ ಒಬ್ಬಳು ದಿನಾ ಜಡೆ ಎಳೆಯುವುದು, ಊಟದ ಡಬ್ಬಿ ಬೀಳಿಸುವುದು ಮಾಡುತ್ತಿದ್ದಳು. ನಾನು ರೌದ್ರಾವತಾರ ತಾಳಿ ಹೋಗಿ, ಅವಳನ್ನು ಓಡಿಸಿ ಅಂದಿದ್ದೆ. ಕ್ಲಾಸ್ ಟೀಚರು ಬೇರೆ ದಾರಿ ಹಿಡಿದರು. ನನ್ನ ಮಗಳ ಜಾಗ ಅವತ್ತೇ ಬದಲಾಯಿಸಿದರು, ಊಟದ ಹೊತ್ತಿನಲ್ಲಿ ತಾವೇ ಹತ್ತಿರ ಕೂತರು, ವಾರಕ್ಕೊಮ್ಮೆ ನನಗೆ ಫೋನ್ ಮಾಡಿ ಹೇಳಿದರು. ಆ ಹುಡುಗಿಯನ್ನೂ ಬಿಡಲಿಲ್ಲ. ಅವಳು ಬಿದ್ದ ಡಬ್ಬಿ ತೊಳೆದು ಕೊಡಬೇಕು, ತನ್ನ ಊಟ ಹಂಚಬೇಕು ಅಂತ ಮಾಡಿದರು. ನನ್ನ ಮಗಳಿಗೆ ಬೇಕಿದ್ದದ್ದು ಭಯ ಇಲ್ಲದೆ ಶಾಲೆಗೆ ಹೋಗುವುದು. ಅದು ಸಿಕ್ಕಿತು. ಆ ಹುಡುಗಿಗೆ ಟಿಸಿ ಕೊಟ್ಟಿದ್ದರೆ ಇನ್ನೊಂದು ಶಾಲೆಯಲ್ಲಿ ಇನ್ನೊಬ್ಬಳ ಜಡೆ ಎಳೆಯುತ್ತಿದ್ದಳು.

ಪಾವಗಡ ಎಸ್‌ಡಿಎಂಸಿ

ಎರಡನೇ ಪ್ರಶ್ನೆಗೆ ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಕಡೆ ತರಬೇತಿ ಪಡೆದ ಒಬ್ಬ ಕೌನ್ಸೆಲರ್ ಇರಲೇಬೇಕು. ಚಿಕ್ಕ ಶಾಲೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕು. ಮಾರ್ಕ್ಸ್ ನೋಡಿ ಮಕ್ಕಳನ್ನು ಬೇರೆ ಬೇರೆ ಗುಂಪು ಮಾಡುವುದು, ಎಲ್ಲರ ಮುಂದೆ ಅವಮಾನ ಮಾಡುವುದು ಬೇಡ ಅಂತಲೂ ಇದೆ. ಖಾಸಗಿ ಶಾಲೆಗೂ ಸೇರಿ. ಅಕ್ಕ, ನಿಮ್ಮ ಶಾಲೆಯಲ್ಲಿ ಕೌನ್ಸೆಲರ್ ಯಾರು ಅಂತ ಒಂದು ಮಾತು ಕೇಳಿ ನೋಡಿ.

ನಮ್ಮದು ಹಳ್ಳಿ ಶಾಲೆ, ಮಕ್ಕಳೇ 70. ನಾವು ಮಾಡಿದ್ದು ಸಣ್ಣದು. ಒಂದು ತಗಡಿನ ಡಬ್ಬಿ ಇಟ್ಟೆವು. ಹೆಸರು ಬರೆಯದೆ ಚೀಟಿ ಹಾಕಬಹುದು. ಮೊದಲ ತಿಂಗಳು ಬಂದ ಚೀಟಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಇಲ್ಲ ಅನ್ನುವುದು. ನಾವು ಹುಡುಗಿಯರು ಮಧ್ಯಾಹ್ನ ಮನೆಗೆ ಓಡುತ್ತಾರೆ, ಓದಿನಲ್ಲಿ ಆಸಕ್ತಿ ಇಲ್ಲ ಅಂತ ಬೈಯುತ್ತಿದ್ದೆವು. ಚಿಲಕ ಹಾಕಿಸಿದೆವು. ಓಡುವುದು ನಿಂತಿತು.

ಬಾಗೇಪಲ್ಲಿ ಟೀಚರ್

ಚಿಲಕದ ಮಾತು ನಾಳೆ ನಮ್ಮ ಶಾಲೆಯಲ್ಲಿ ಹೇಳುತ್ತೇನೆ. ಕೌನ್ಸೆಲರ್ ನಮ್ಮಲ್ಲೂ ಇಲ್ಲ. ಬರುವವರೆಗೆ ನಾವೇ ಕೇಳಬೇಕು. ಮೇಷ್ಟ್ರೇ, ನಮ್ಮ ಮನಸ್ಸನ್ನು ಯಾರು ಕೇಳಬೇಕು ಅಂದಿರಲ್ಲ, ಅದನ್ನು ಓದಿ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ.

ಶಿಡ್ಲಘಟ್ಟದ ಅಮ್ಮ

ಮೂರು ದಿನ ಬರೆಯಲು ಆಗಲಿಲ್ಲ. ಎಲ್ಲವನ್ನೂ ಓದಿದ್ದೇನೆ. ಕೆಲವು ಎರಡೆರಡು ಸಲ.

ಕೆಜಿಎಫ್ ಅಣ್ಣ, ನೀವು ಕೇಳಿದ್ದು ಸರಿ. ನಮ್ಮ ಮನೆಯವರು ಸಾಲ ಮಾಡಿ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಮೆಷಿನ್ ಹಾಕಿದ್ದರು. ಕೈ ಹತ್ತಲಿಲ್ಲ, ಮಾರಿಬಿಟ್ಟೆವು. ಸಾಲ ಉಳಿಯಿತು. ಅದಕ್ಕೇ ಈಗ ಬೆಂಗಳೂರಿಗೆ ಹೋಗುವುದು. ಮಕ್ಕಳಿಗೆ ಗೊತ್ತಾಗದ ಹಾಗೆ ನೋಡಿಕೊಂಡಿದ್ದೇವೆ ಅಂತ ನಾನು ತಿಳಿದಿದ್ದೆ.

ನಿನ್ನೆ ಸಂಜೆ ತೋಟಕ್ಕೆ ಬಾ, ಸೊಪ್ಪು ಕೊಯ್ಯೋಣ ಅಂತ ಕರೆದೆ. ಮುಖ ನೋಡಿ ಕೇಳಿದರೆ ಹೇಳಲ್ಲ ಅಂತ ಅನ್ನಿಸಿತ್ತು. ಅವನು ಆ ಸಾಲಿನಲ್ಲಿ, ನಾನು ಈ ಸಾಲಿನಲ್ಲಿ. ಸುಮ್ಮನೆ ಕೊಯ್ದೆವು. ಒಂದು ಹೊರೆ ಆದ ಮೇಲೆ ಕೇಳಿದೆ, ರಾತ್ರಿ ನಿದ್ದೆ ಯಾಕಪ್ಪ ಬರಲ್ಲ ಅಂತ. ಸುಮಾರು ಹೊತ್ತು ಮಾತೇ ಇಲ್ಲ. ಆಮೇಲೆ ಹೇಳಿದ. ದಸರಾ ರಜೆಯಲ್ಲಿ ನಾನು ತವರಿಗೆ ಹೋಗಿದ್ದಾಗ ಸಾಲ ಕೊಟ್ಟವರು ಇಬ್ಬರು ಮನೆಗೆ ಬಂದಿದ್ದಾರೆ. ಅವರಪ್ಪನ ಕೊರಳಪಟ್ಟಿ ಹಿಡಿದಿದ್ದಾರೆ. ಇವನು ಒಳಗಿನ ಕೋಣೆಯಿಂದ ನೋಡಿದ್ದಾನೆ. ಅವರಪ್ಪ ಅಳುವುದನ್ನೂ ನೋಡಿದ್ದಾನೆ. ಅವತ್ತಿನಿಂದ ರಾತ್ರಿ ಬಾಗಿಲ ಸದ್ದಿಗೆ ಕಿವಿ ಕೊಟ್ಟು ಮಲಗಿರುತ್ತಾನಂತೆ, ಮತ್ತೆ ಬಂದರೆ ಅಪ್ಪನಿಗೆ ಅಡ್ಡ ನಿಲ್ಲಬೇಕು ಅಂತ. ಕ್ಲಾಸಿನಲ್ಲಿ ಆ ಹುಡುಗ ನಿಮ್ಮಪ್ಪ ಸಾಲಗಾರ ಅಂದನಂತೆ. ಅದಕ್ಕೆ ಗುದ್ದಿದ್ದು.

ಸಿಸ್ಟರ್ ಹೇಳಿದ ಪ್ರಶ್ನೆಯನ್ನೂ ಕೇಳಿದೆ. ಕೈ ನಡುಗುತ್ತಿತ್ತು. ಹಾಗೇನಿಲ್ಲ ಅಮ್ಮ, ನಿದ್ದೆ ಬಂದರೆ ಸಾಕು ಅಂದ. ಕತ್ತಲಾಗುವವರೆಗೆ ಅಲ್ಲೇ ಬದುವಿನ ಮೇಲೆ ಕೂತಿದ್ದೆವು.

ಚಾಂಪಿಯನ್ ರೀಫ್ ಹುಡುಗ

ಅಕ್ಕ, ಆಫೀಸಿನಲ್ಲಿ ಕೂತು ಓದಿದೆ. ಕಣ್ಣು ಒರೆಸಿಕೊಂಡೆ.

ಮಾಲೂರು ಅಜ್ಜಿ

ಅಪ್ಪನಿಗೆ ಕಾವಲು ಕೂತಿತ್ತಲ್ಲಮ್ಮ ಕೂಸು.

ಕೋಲಾರ ಸಿಸ್ಟರ್

ಕೇಳಿದ್ದು ಒಳ್ಳೆಯದಾಯಿತು ಅಕ್ಕ. ಹಾಗೇನಿಲ್ಲ ಅಂದರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ. ನಿದ್ದೆ ಸರಿಯಾಗಬೇಕು. ಇನ್ನೊಂದು ಕೇಳಲೇ? ಅವನ ಅಪ್ಪ ಹೇಗಿದ್ದಾರೆ? ಅವರಿಗೆ ನಿದ್ದೆ ಬರುತ್ತಾ? 14416 ದೊಡ್ಡವರಿಗೂ ಇರುವುದೇ.

ಬಾಗೇಪಲ್ಲಿ ಟೀಚರ್

ಶಾಲೆಗೆ ಹೋದಾಗ ಸಾಲದ ವಿವರ ಎಲ್ಲ ಹೇಳಬೇಕಾಗಿಲ್ಲ. ಮನೆಯಲ್ಲಿ ಹುಡುಗ ಹೆದರುವಂಥದ್ದು ನಡೆದಿದೆ, ನಿದ್ದೆ ಮಾಡುತ್ತಿಲ್ಲ, ಡಾಕ್ಟರಿಗೆ ತೋರಿಸುತ್ತಿದ್ದೇವೆ ಅನ್ನಿ. ಮೂರು ವಿಷಯ ಕೇಳಿ. ಮಲಗಿದರೆ ಎಲ್ಲರ ಮುಂದೆ ಎಬ್ಬಿಸಿ ಬೈಯಬೇಡಿ. ಸಿಟ್ಟು ಬಂದರೆ ಎದ್ದು ಹೋಗಿ ನೀರು ಕುಡಿದು ಬರಲು ಬಿಡಿ. ಅವನು ಹೋಗಿ ಮಾತಾಡಬಹುದಾದ ಒಬ್ಬ ಟೀಚರು ಯಾರು ಅಂತ ಹೇಳಿ. ಇದಕ್ಕೆ ದುಡ್ಡು ಬೇಡ, ಆದೇಶ ಬೇಡ.

ನಿವೃತ್ತ ಮೇಷ್ಟ್ರು, ಗೌರಿಬಿದನೂರು

ತಾಯೀ, ಹೆಡ್‌ಮಾಸ್ಟರನ್ನು ನೋಡಲು ಹೋಗುವಾಗ ಬೇಕಾದರೆ ನಾನೂ ಜೊತೆಗೆ ಬರುತ್ತೇನೆ. ಬಸ್ಸಿದೆ. ನನಗೀಗ ಬೇರೆ ಕೆಲಸ ಇಲ್ಲ.

ಶಿಡ್ಲಘಟ್ಟದ ಅಮ್ಮ

ಮೇಷ್ಟ್ರೇ, ನಿಮ್ಮ ಮಾತೇ ದೊಡ್ಡದು. ಇವತ್ತು ಬೆಳಿಗ್ಗೆ ನಾನೊಬ್ಬಳೇ ಹೋಗಿ ಬಂದೆ. ಹೆಡ್‌ಮಾಸ್ಟರು ನೋಡೋಣ ಅಂದರು, ಜಾಸ್ತಿ ಮಾತಾಡಲಿಲ್ಲ. ಕೌನ್ಸೆಲರ್ ವಿಷಯಕ್ಕೆ ಮ್ಯಾನೇಜ್‌ಮೆಂಟನ್ನು ಕೇಳಬೇಕು ಅಂದರು. ಆದರೆ ವಿಜ್ಞಾನದ ಮೇಡಂ ಗೇಟಿನವರೆಗೆ ಬಂದು, ಅವನನ್ನು ನನ್ನ ಹತ್ತಿರ ಕಳಿಸಿ ಅಂದರು. ಏಟು ತಿಂದ ಹುಡುಗನ ಮನೆಗೂ ಮಗನನ್ನು ಕರೆದುಕೊಂಡು ಹೋಗಿದ್ದೆ. ಹೊಡೆದದ್ದು ತಪ್ಪು ಅಂತ ಅವನೇ ಹೇಳಿದ. ಆ ಹುಡುಗ ಏನೂ ಹೇಳಲಿಲ್ಲ, ಅವನ ಅಮ್ಮ ಕಾಫಿ ಕೊಟ್ಟರು.

ನಮ್ಮ ಮನೆಯವರಿಗೆ ರಾತ್ರಿ ಎಲ್ಲ ಹೇಳಿದೆ. ಅವನು ನೋಡಿದ್ದಾನೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಹೋಗಿ ಅವನ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿದರು. ಮಂಗಳವಾರ ರಜೆ ಹಾಕಿ ಅವರೂ ಆಸ್ಪತ್ರೆಗೆ ಬರುತ್ತಾರೆ, ತಮ್ಮ ಬಗ್ಗೆಯೂ ಕೇಳುತ್ತಾರಂತೆ. ಒಂದೇ ತೊಂದರೆ. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವುದು, ದಾಟಿದೆ, ಮಂಗಳವಾರ ಸೊಪ್ಪು ತಪ್ಪಿಸುವ ಹಾಗಿಲ್ಲ. ಅಷ್ಟು ಹೊತ್ತಿಗೆ ಬರುತ್ತೇವೋ ಇಲ್ಲವೋ.

ಜಂಗಮಕೋಟೆಯವಳು

ಅಕ್ಕ, ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ನಮ್ಮದೂ ಹುಳು ಮನೆಯೇ. ಈ ವಾರ ನಮ್ಮದು ಗೂಡು ಬಿಡಿಸಿ ಆಯಿತು, ಕೈ ಖಾಲಿ ಇದೆ. ಮಂಗಳವಾರ ನಾನು ಬಂದು ಸೊಪ್ಪು ಹಾಕುತ್ತೇನೆ. ಊರು ಯಾವುದು ಹೇಳಿ.

ಶಿಡ್ಲಘಟ್ಟದ ಅಮ್ಮ

ನಿಮಗೆ ಮಾತ್ರ ಕಾಣುವ ಹಾಗೆ ಊರು, ನಂಬರು ಕಳಿಸಿದ್ದೇನೆ. ಬೆಳಿಗ್ಗೆ ಸೊಪ್ಪು ಕೊಯ್ದು ಒದ್ದೆ ಗೋಣಿ ಮುಚ್ಚಿಟ್ಟಿರುತ್ತೇನೆ. ಊಟ ನಮ್ಮ ಮನೆಯಲ್ಲೇ ಅಕ್ಕ, ಬಸ್ಸಾರು ಮಾಡಿಟ್ಟು ಹೋಗುತ್ತೇನೆ.